ಲ್ಯಾಪ್‌ಟಾಪ್‌ನಲ್ಲಿ 2400 ಸ್ಪೀಡಿನ ರ‍್ಯಾಮ್ ಇದೆ, ಅಂಗಡಿಯಲ್ಲಿ 3200 ಮಾತ್ರ ಸಿಗುತ್ತಿದೆ. ಹಾಕಬಹುದಾ?

ಹೊಸನಗರ ಸ್ಟುಡಿಯೋ:

ಎಲ್ಲರಿಗೂ ನಮಸ್ಕಾರ. ಹೊಸನಗರದಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಮದುವೆ, ಗೃಹಪ್ರವೇಶ, ಶಾಲೆಯ ಗ್ರೂಪ್ ಫೋಟೋ, ಪಾಸ್‌ಪೋರ್ಟ್ ಸೈಜು, ಬಂದದ್ದನ್ನೆಲ್ಲ ಮಾಡುತ್ತೇನೆ. ಮದುವೆ ಆಲ್ಬಮ್ ಡಿಸೈನ್ ಕೂಡ ನಾನೇ ಮಾಡಿ, ಪ್ರಿಂಟಿಗೆ ಮಾತ್ರ ಶಿವಮೊಗ್ಗದ ಲ್ಯಾಬಿಗೆ ಕಳಿಸುತ್ತೇನೆ.

ಕೆಲಸವೆಲ್ಲ ಒಂದೇ ಲ್ಯಾಪ್‌ಟಾಪ್‌ನಲ್ಲಿ. 2018ರಲ್ಲಿ ತೆಗೆದುಕೊಂಡದ್ದು. ಇಂಟೆಲ್ ಐ5-8250ಯು, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ಜೊತೆಗೆ 1 ಟಿಬಿ ಹಾರ್ಡ್ ಡಿಸ್ಕ್. ಬ್ಯಾಟರಿ ಒಂದು ಸೋತಿದೆ, ಉಳಿದದ್ದೆಲ್ಲ ಗಟ್ಟಿ ಇದೆ. ಆದರೆ ಫೋಟೋಶಾಪ್‌ನಲ್ಲಿ 12×36 ಇಂಚಿನ ಶೀಟ್ ತೆರೆದು ನಾಲ್ಕಾರು ಫೋಟೋ ಹಾಕಿದರೆ ಅದರ ಕಥೆ ಮುಗಿಯಿತು. ಒಂದು ಫೋಟೋ ಸರಿಸಿದರೂ ಚಕ್ರ ಸುತ್ತುತ್ತಾ ಕೂರುತ್ತದೆ. ಸೇವ್ ಕೊಟ್ಟು ಕಾಫಿ ಕುಡಿದು ಬಂದರೂ ಅರ್ಧ ಆಗಿರುವುದಿಲ್ಲ. ಟಾಸ್ಕ್ ಮ್ಯಾನೇಜರ್ ನೋಡಿದರೆ ಮೆಮೊರಿ 95 ಪರ್ಸೆಂಟಿನ ಆಸುಪಾಸು. ಮಾಘ ಹತ್ತಿರ ಬಂತು. ಮದುವೆಗಳು ಶುರುವಾದರೆ ಇದನ್ನು ನಂಬಿ ಆರ್ಡರ್ ಹಿಡಿಯುವುದು ಕಷ್ಟ.

ಒಂದು ಅಂಗಡಿಯಲ್ಲಿ ಕೇಳಿದೆ. ಮೊದಲು "ಹೊಸ ಲ್ಯಾಪ್‌ಟಾಪ್ ತಗೊಳ್ಳಿ" ಎಂದರು. ಸದ್ಯಕ್ಕೆ ಆಗುವುದಿಲ್ಲ ಎಂದ ಮೇಲೆ, ಯಾವುದೋ ಲ್ಯಾಪ್‌ಟಾಪ್‌ನಿಂದ ಬಿಚ್ಚಿದ 8 ಜಿಬಿ ಸ್ಟಿಕ್ ಹಾಕಿ ಕೊಟ್ಟರು. 16 ಜಿಬಿ ತೋರಿಸಿತು. ಸಂಜೆ ದೊಡ್ಡ ಫೈಲ್ ಸೇವ್ ಮಾಡುವಾಗ ನೀಲಿ ಪರದೆ ಬಂತು. ಮತ್ತೆ ಆನ್ ಮಾಡಿದರೆ ಮತ್ತೆ ಅದೇ. ವಾಪಸ್ ತೆಗೆದುಕೊಂಡು ಹೋದೆ. "ನಿಮ್ಮ ಲ್ಯಾಪ್‌ಟಾಪಿಗೆ ಬೇರೆ ರ‍್ಯಾಮ್ ಹೊಂದುವುದಿಲ್ಲ" ಎಂದು ಕಿತ್ತು ಇಟ್ಟುಕೊಂಡರು.

ಹೊಸದನ್ನೇ ಕೊಳ್ಳೋಣ ಎಂದರೆ ಎಲ್ಲ ಕಡೆ ಡಿಡಿಆರ್4 (ರ‍್ಯಾಮ್‌ನ ನಾಲ್ಕನೇ ಪೀಳಿಗೆ) 3200. ನನ್ನದು 2400 ಎಂದು ತೋರಿಸುತ್ತದೆ. ಎಲ್ಲೋ ಒಂದೆರಡು ಕಡೆ 2666 ಇದೆ. ಡಿಡಿಆರ್5 ಅಂತ ಬೇರೆ. 2400ರ ಪಕ್ಕದಲ್ಲಿ 3200 ಹಾಕಬಹುದಾ? ಎರಡೂ ಒಂದೇ ಕಂಪನಿಯದ್ದು ಇರಲೇಬೇಕಾ? 8 ಹಾಕಲಾ, 16 ಹಾಕಲಾ? ಗೊತ್ತಿದ್ದವರು ಹೇಳಿ. ತಪ್ಪಾದರೆ ರಿಪ್ಪನ್‌ಪೇಟೆ ದಾಟಿ ಶಿವಮೊಗ್ಗಕ್ಕೆ ಇನ್ನೊಂದು ಸಲ ಬಸ್ಸಿನಲ್ಲಿ ಕೂರಬೇಕು.

ಅಡಿಕೆ ದೋಟಿ:

ಮಾರಾಯ್ರೆ, ಇದಕ್ಕೆಲ್ಲ ಇಷ್ಟು ತಲೆಬಿಸಿ ಎಂತಕ್ಕೆ? ಡಿಡಿಆರ್4 ಆದರೆ ಸಾಕು, ಯಾವುದಾದರೂ ನಡೆಯುತ್ತದೆ. ನಾನು ತಮ್ಮನ ಲ್ಯಾಪ್‌ಟಾಪಿಗೆ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನು ತರಿಸಿ ಹಾಕಿದೆ. ಆರಾಮಾಗಿ ಓಡುತ್ತಿದೆ. 3200 ತಗೊಂಡು ಹಾಕಿ.

ದುರ್ಗಿಗುಡಿ ರಿಪೇರಿ:

ದೋಟಿಯವರು ಹೇಳಿದ್ದು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿನಿಂದಲೇ ನನ್ನ ಅಂಗಡಿ ನಡೆಯುವುದು.

ಸ್ಟುಡಿಯೋದವರೇ, ಮೊದಲು ತಳ ಬಿಚ್ಚಿ, ಆಮೇಲೆ ಜೇಬು ಬಿಚ್ಚಿ. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ರ‍್ಯಾಮ್ ಕೊಂಡುಕೊಂಡೇ ಬರುತ್ತಾರೆ. ಬಿಚ್ಚಿ ನೋಡಿದರೆ ಸ್ಲಾಟೇ ಇರುವುದಿಲ್ಲ. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಚಿಪ್‌ಗಳನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಎಲ್‌ಪಿಡಿಡಿಆರ್ ಎಂದು ಹೆಸರಿದ್ದರೆ ಸಾಮಾನ್ಯವಾಗಿ ಅದೇ ಜಾತಿ. ಅದಕ್ಕೆ ನಾನಾಗಲಿ ನೀವಾಗಲಿ ಏನೂ ಸೇರಿಸುವ ಹಾಗಿಲ್ಲ. ಇನ್ನು ಕೆಲವದರಲ್ಲಿ 4 ಜಿಬಿ ಬೆಸುಗೆಯಲ್ಲಿ, ಪಕ್ಕದಲ್ಲಿ ಒಂದು ಸ್ಲಾಟ್ ಖಾಲಿ. ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ.

ನಿಮ್ಮದರಲ್ಲಿ ಅಂಗಡಿಯವರು ಎರಡನೇ ಸ್ಟಿಕ್ ಹಾಕಿ 16 ತೋರಿಸಿದರು ಎಂದಮೇಲೆ ಸ್ಲಾಟ್ ಎರಡಿದೆ. ಆ ಚಿಂತೆ ಇಲ್ಲ. ಬೇರೆಯವರು ಓದುತ್ತಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ ಒತ್ತಿ ನೋಡಿ. ಸ್ಲಾಟ್ಸ್ ಯೂಸ್ಡ್ ಎಂಬ ಸಾಲು ಇರುತ್ತದೆ. ಅದರ ಕೆಳಗೆ ಫಾರ್ಮ್ ಫ್ಯಾಕ್ಟರ್ ಎದುರು ಎಸ್‌ಒಡಿಐಎಂಎಂ ಎಂದಿದ್ದರೆ ಕಿತ್ತು ಹಾಕುವ ಸ್ಟಿಕ್. ರೋ ಆಫ್ ಚಿಪ್ಸ್ ಎಂದಿದ್ದರೆ ಬೆಸುಗೆ.

ಈಗ ನಿಮ್ಮ ಪ್ರಶ್ನೆ. ಹೊಂದಲೇಬೇಕಾದದ್ದು ಪೀಳಿಗೆ ಮತ್ತು ಅಳತೆ. ಡಿಡಿಆರ್4 ಜಾಗಕ್ಕೆ ಡಿಡಿಆರ್4 ಮಾತ್ರ. ಲ್ಯಾಪ್‌ಟಾಪ್‌ನ ಡಿಡಿಆರ್3 ಸ್ಟಿಕ್‌ಗೆ 204 ಪಿನ್, ಡಿಡಿಆರ್4ಗೆ 260, ಡಿಡಿಆರ್5ಗೆ 262. ನಡುವಿನ ಕಚ್ಚು ಕೂಡ ಬೇರೆ ಬೇರೆ ಜಾಗದಲ್ಲಿ ಇರುತ್ತದೆ. ಹಾಗಾಗಿ ತಪ್ಪಿದ್ದು ಕೂರುವುದೇ ಇಲ್ಲ. ಒತ್ತಿ ಕೂರಿಸಲು ಹೋದವರ ಬೋರ್ಡ್ ನನ್ನ ಮೇಜಿನ ಮೇಲೆ ಬಂದಿದೆ. ದಯವಿಟ್ಟು ಬಲ ಹಾಕಬೇಡಿ. ಡೆಸ್ಕ್‌ಟಾಪ್ ಸ್ಟಿಕ್ ಉದ್ದ 13 ಸೆಂಟಿಮೀಟರ್ ಮೇಲೆ, ನಮ್ಮದು 7ರ ಹತ್ತಿರ. ಆನ್‌ಲೈನ್‌ನಲ್ಲಿ ಚಿತ್ರ ಮಾತ್ರ ನೋಡಿ ತರಿಸುವವರಿಗೆ ಅದೂ ಒಂದು ಗುಂಡಿ.

ಸ್ಪೀಡ್ ಹೊಂದಲೇಬೇಕೆಂದಿಲ್ಲ. ನಿಮ್ಮ 8250ಯು ಪ್ರೊಸೆಸರ್‌ನಲ್ಲಿ ಮೆಮೊರಿ ನೋಡಿಕೊಳ್ಳುವ ಭಾಗ ಒಳಗೇ ಇದೆ. ಅದರ ಮಿತಿ ಡಿಡಿಆರ್4-2400, ಒಟ್ಟು 32 ಜಿಬಿ. ಪ್ರತಿ ಸ್ಟಿಕ್ ಮೇಲೂ ಒಂದು ಪುಟ್ಟ ಚಿಪ್ ಇರುತ್ತದೆ. ತಾನು ಯಾವ ಯಾವ ಸ್ಪೀಡಿನಲ್ಲಿ ಓಡಬಲ್ಲೆ ಎಂಬ ಪಟ್ಟಿ ಅದರಲ್ಲಿ ಬರೆದಿರುತ್ತದೆ. ಆನ್ ಮಾಡಿದಾಗ ಲ್ಯಾಪ್‌ಟಾಪ್ ಆ ಪಟ್ಟಿ ಓದಿ, ಎಲ್ಲರಿಗೂ ಆಗುವ ಸ್ಪೀಡ್ ಆರಿಸುತ್ತದೆ. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ, ನಿಧಾನದ್ದರ ಹೆಜ್ಜೆಗೆ ಇನ್ನೊಂದು ಹೊಂದಿಕೊಳ್ಳುತ್ತದೆ. 3200 ಹಾಕಿದರೆ 2400ರಲ್ಲಿ ಓಡುತ್ತದೆ. ನಷ್ಟವಿಲ್ಲ, ಲಾಭವೂ ಇಲ್ಲ.

ಕಂಪನಿ ಒಂದೇ ಇರಬೇಕೆಂದೂ ಇಲ್ಲ. ಜಗತ್ತಿನ ರ‍್ಯಾಮ್ ಚಿಪ್‌ಗಳಲ್ಲಿ ಹೆಚ್ಚಿನವನ್ನು ತಯಾರಿಸುವವರು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂವರೇ. ಬೇರೆ ಹೆಸರಿನ ಸ್ಟಿಕ್ ಬಿಚ್ಚಿದರೂ ಒಳಗೆ ಇವರ ಚಿಪ್ಪೇ ಇರುವುದು ಜಾಸ್ತಿ.

ಹಾಗಾದರೆ ನೀಲಿ ಪರದೆ ಯಾಕೆ ಬಂತು? "ನಿಮ್ಮದಕ್ಕೆ ಹೊಂದುವುದಿಲ್ಲ" ಎನ್ನುವುದು ಉತ್ತರ ಅಲ್ಲ, ಜಾರಿಕೊಳ್ಳುವ ದಾರಿ. ಕಾರಣ ಎರಡಿರಬಹುದು. ಅವರು ಕೊಟ್ಟ ಸ್ಟಿಕ್ ಕೆಟ್ಟಿತ್ತು, ಇಲ್ಲವೇ ನಿಮ್ಮ ಎರಡನೇ ಸ್ಲಾಟ್ ಕೆಟ್ಟಿದೆ. ಎರಡನೆಯದಾಗಿದ್ದರೆ ಯಾವ ಹೊಸ ಸ್ಟಿಕ್ ತಂದರೂ ಅದೇ ಗೋಳು. ದುಡ್ಡು ಕೊಡುವ ಮೊದಲು ಇದನ್ನು ತಿಳಿದುಕೊಳ್ಳಬೇಕು. ಅದಕ್ಕೆ ಖರ್ಚೇನೂ ಇಲ್ಲ.

ನಿಮ್ಮ ಈಗಿನ ಸ್ಟಿಕ್ ಸರಿ ಇದೆ ಎಂದು ಗೊತ್ತಿದೆಯಲ್ಲ, ಅದನ್ನೇ ಕಿತ್ತು ಎರಡನೇ ಸ್ಲಾಟಿಗೆ ಹಾಕಿ. ಮೊದಲನೆಯದು ಖಾಲಿ ಇರಲಿ. ಮೆಮ್‌ಟೆಸ್ಟ್86 ಎಂಬ ಉಚಿತ ಪ್ರೋಗ್ರಾಂ ಇದೆ. ಪೆನ್‌ಡ್ರೈವ್‌ಗೆ ಹಾಕಿ ಅದರಿಂದ ಬೂಟ್ ಮಾಡಿ ರಾತ್ರಿ ಬಿಟ್ಟು ಮಲಗಿ. ಉಚಿತದ್ದು ನಾಲ್ಕು ಸುತ್ತು ಓಡುತ್ತದೆ. ಒಂದೇ ಒಂದು ಎರರ್ ಬಂದರೂ ಅದು ಎರರ್ರೇ, "ಒಂದೇ ತಾನೆ" ಎಂದು ಬಿಡಬೇಡಿ. ನಿಮ್ಮ ಬ್ಯಾಟರಿ ಸೋತಿದೆ ಎಂದಿರಿ. ನಿಮ್ಮ ಕಡೆ ಕರೆಂಟಿನ ಕಥೆ ಗೊತ್ತಿರುವುದೇ, ಇನ್ವರ್ಟರ್ ಲೈನಿಗೆ ಸಿಕ್ಕಿಸಿ ಇಡಿ.

ಬಿಚ್ಚುವಾಗ ಎರಡು ಮಾತು. ಚಾರ್ಜರ್ ಕಿತ್ತು, ತಳ ತೆಗೆದ ತಕ್ಷಣ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಆಮೇಲೆ ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಉಳಿದ ಕರೆಂಟ್ ಇಳಿಯುತ್ತದೆ. ಸ್ಕ್ರೂಗಳನ್ನು ಬಿಚ್ಚಿದ ಜಾಗದ ಕ್ರಮದಲ್ಲೇ ಒಂದು ಕಾಗದದ ಮೇಲೆ ಇಡಿ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಮೇಲಿನ ಪ್ಲಾಸ್ಟಿಕ್ ತೂತಾಗುತ್ತದೆ. ರಬ್ಬರ್ ಕಾಲಿನ ಅಡಿಯಲ್ಲೂ ಸ್ಕ್ರೂ ಅಡಗಿರಬಹುದು, ತಳ ಏಳುತ್ತಿಲ್ಲ ಎಂದು ಎಳೆಯಬೇಡಿ.

ಸ್ಟಿಕ್ ಮೇಲಿನ ಲೇಬಲ್ ಬರೆದುಕೊಂಡು ಇಲ್ಲಿ ಹಾಕಿ. ಅದು ನೋಡಿದ ಮೇಲೆ ಯಾವುದು ತರಬೇಕು ಹೇಳುತ್ತೇನೆ.

ಹೊಸನಗರ ಸ್ಟುಡಿಯೋ:

ಸರ್, ತುಂಬಾ ಥ್ಯಾಂಕ್ಸ್. ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ.

ಬಿಚ್ಚಿದೆ. ಒಳಗೆ ಫ್ಯಾನಿನ ಹತ್ತಿರ ಇರುವೆ ಮೊಟ್ಟೆ! ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಹೊಕ್ಕಿರಬೇಕು. ಬ್ರಶ್‌ನಲ್ಲಿ ತೆಗೆದೆ. ಎರಡನೇ ಸ್ಲಾಟಿನಲ್ಲಿ ಕೂಡ ಸ್ವಲ್ಪ ಮಣ್ಣಿನ ಥರ ಏನೋ ಇತ್ತು.

ನನ್ನ ಸ್ಟಿಕ್ಕನ್ನು ಎರಡನೇ ಸ್ಲಾಟಿಗೆ ಹಾಕಿ ಮೆಮ್‌ಟೆಸ್ಟ್ ಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ನಾಲ್ಕೂ ಸುತ್ತು ಪಾಸ್, ಎರರ್ ಸೊನ್ನೆ.

ಲೇಬಲ್‌ನಲ್ಲಿ ಹೀಗಿದೆ: 8ಜಿಬಿ 1ಆರ್‌ಎಕ್ಸ್8 ಪಿಸಿ4-2400ಟಿ-ಎಸ್‌ಎ1-11. ಇದರಲ್ಲಿ ಎಂತ ಅರ್ಥ ಮಾಡಿಕೊಳ್ಳುವುದು?

ದುರ್ಗಿಗುಡಿ ರಿಪೇರಿ:

ಸ್ಲಾಟ್ ಬದುಕಿದೆ. ಕೆಟ್ಟದ್ದು ಅವರ ಸ್ಟಿಕ್ ಇರಬಹುದು, ಇಲ್ಲ ಇರುವೆ ತಂದಿಟ್ಟ ಮಣ್ಣಿನಿಂದ ಒಂದೆರಡು ಪಿನ್ ಸರಿಯಾಗಿ ತಾಗದೇ ಇರಬಹುದು. ಸ್ಟಿಕ್ ಅವರ ಹತ್ತಿರವೇ ಇರುವುದರಿಂದ ಇನ್ನು ಅದನ್ನು ಕೆದಕಿ ಪ್ರಯೋಜನವಿಲ್ಲ. ಸ್ಲಾಟನ್ನು ಒಣ ಬ್ರಶ್‌ನಲ್ಲಿ ಇನ್ನೊಮ್ಮೆ ಉಜ್ಜಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಸ್ಟಿಕ್‌ನ ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಬಹುದು. ಆಗುಂಬೆ, ಹುಲಿಕಲ್ ಕಡೆಯಿಂದ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಅರ್ಧ ಕಾಯಿಲೆ ಇಷ್ಟಕ್ಕೇ ವಾಸಿಯಾಗುತ್ತದೆ. ನಾನು ಅದಕ್ಕೆ ಬಿಲ್ ಮಾಡುವುದೂ ಇಲ್ಲ, ಅವರು ನಂಬುವುದೂ ಇಲ್ಲ.

ಲೇಬಲ್ ಓದೋಣ. 8ಜಿಬಿ ಗೊತ್ತೇ ಇದೆ. ಪಿಸಿ4 ಎಂದರೆ ಡಿಡಿಆರ್4. 2400ಟಿ ಎಂದರೆ ಸ್ಪೀಡ್. ಕೊನೆಯ ಟಿ ಅಕ್ಷರ ಅದರ ಟೈಮಿಂಗ್ ದರ್ಜೆ. 2666ಕ್ಕೆ ಸಾಮಾನ್ಯವಾಗಿ ವಿ, 3200ಕ್ಕೆ ಎಎ ಇರುತ್ತದೆ. ಕೆಲವು ಕಂಪನಿಗಳು ಸ್ಪೀಡನ್ನು ಬೇರೆ ರೀತಿ ಬರೆಯುತ್ತವೆ. ಪಿಸಿ4-19200 ಎಂದರೂ 2400ರದ್ದೇ. 2400ನ್ನು 8ರಿಂದ ಗುಣಿಸಿದರೆ 19200, ಸೆಕೆಂಡಿಗೆ ಅಷ್ಟು ಎಂಬಿ. ಅದೇ ಲೆಕ್ಕದಲ್ಲಿ 25600 ಎಂದಿದ್ದರೆ 3200. ಅಂಗಡಿಯಲ್ಲಿ "25600 ಇದೆ, ಜಾಸ್ತಿ ಸ್ಪೀಡ್" ಎಂದು ದುಡ್ಡು ಜಾಸ್ತಿ ಹೇಳಿದರೆ ನಕ್ಕು ಬನ್ನಿ.

ನಡುವಿನ 1ಆರ್‌ಎಕ್ಸ್8 ಮುಖ್ಯ, ಅದನ್ನು ಯಾರೂ ನೋಡುವುದಿಲ್ಲ. ಒಂದು ರ‍್ಯಾಂಕ್ (ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಒಂದು ಗುಂಪು), ಪ್ರತಿ ಚಿಪ್‌ಗೆ 8 ಬಿಟ್ ಅಗಲ. ಅಂದರೆ ಎಂಟು ಚಿಪ್ ಸೇರಿ 64 ಬಿಟ್. ಈಗ ಬರುವ 8 ಜಿಬಿ 3200 ಸ್ಟಿಕ್‌ಗಳಲ್ಲಿ 1ಆರ್‌ಎಕ್ಸ್16 ಕೂಡ ಇವೆ. ಅದರಲ್ಲಿ ದೊಡ್ಡ ಚಿಪ್ ನಾಲ್ಕೇ ನಾಲ್ಕು. ತಯಾರಿಸುವವರಿಗೆ ಅಗ್ಗ. ಚಿಪ್ ಒಳಗಿನ ಬ್ಯಾಂಕ್ ಗುಂಪುಗಳು, ಅಂದರೆ ಡೇಟಾ ಇಡುವ ವಿಭಾಗಗಳು, ಅದರಲ್ಲಿ ಅರ್ಧ ಇರುವುದರಿಂದ ಕೆಲವು ಕೆಲಸಗಳಲ್ಲಿ ಸ್ವಲ್ಪ ನಿಧಾನ. ಕೆಟ್ಟದ್ದೇನಲ್ಲ, ಆದರೆ ಒಂದೇ ಬೆಲೆಗೆ ಎರಡೂ ಇದ್ದರೆ ನಾನು 1ಆರ್‌ಎಕ್ಸ್8 ಆರಿಸುತ್ತೇನೆ.

ಗೇಮಿಂಗ್ ಹೆಸರಿನ, ಎಕ್ಸ್‌ಎಂಪಿ (ಹೆಚ್ಚಿನ ಸ್ಪೀಡಿನ ಸೆಟ್ಟಿಂಗ್) ಎಂದು ಬರೆದ ಸ್ಟಿಕ್ ನಿಮಗೆ ಬೇಡ. ಅದರ ದೊಡ್ಡ ಸ್ಪೀಡ್ ಬೇಕೆಂದರೆ ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗಿಂತ ಮೊದಲು ಓಡುವ ಸೆಟ್ಟಿಂಗ್‌ನಲ್ಲಿ, ಆ ಸೌಲಭ್ಯ ಇರಬೇಕು. ಸಾಮಾನ್ಯ ಲ್ಯಾಪ್‌ಟಾಪ್‌ಗಳಲ್ಲಿ ಇರುವುದಿಲ್ಲ. 1.2 ವೋಲ್ಟ್, ಇಸಿಸಿ (ತಪ್ಪು ತಿದ್ದಿಕೊಳ್ಳುವ, ಸರ್ವರ್‌ಗಳ ಸೌಲಭ್ಯ) ಇಲ್ಲದ, ಸಾದಾ 3200 ಸಾಕು.

ಬೆಲೆ ಬಗ್ಗೆ ಹೇಳಿದರೆ ಬೇಜಾರಾಗುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿಬಿಟ್ಟಿದೆ. ಎಐ ಡೇಟಾ ಸೆಂಟರ್‌ಗಳಿಗೆ ಬೇಕಾದ ಮೆಮೊರಿ ತಯಾರಿಸುವುದರಲ್ಲೇ ಆ ಮೂರು ಕಂಪನಿಗಳಿಗೆ ಲಾಭ. ನಮಗೆ ಉಳಿದದ್ದು. ಮೈಕ್ರಾನ್ ಅಂತೂ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಬಿಡುವುದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿತು. ಹಾಗಾಗಿ ಹೋದ ವರ್ಷ ಯಾರೋ ಕೊಟ್ಟ ಬೆಲೆ ನಂಬಿ ಚೌಕಾಶಿ ಮಾಡಬೇಡಿ. ಅಂದಿನ ಬೆಲೆ ಎರಡು ಕಡೆ ಕೇಳಿ. ಬಿಲ್ ಇಲ್ಲದೆ, ಹೆಸರಿಲ್ಲದ ಸ್ಟಿಕ್ ಮಾತ್ರ ಎಷ್ಟೇ ಅಗ್ಗವಾದರೂ ಬೇಡ. ಈಗ ಹಳೆ ಚಿಪ್ ಕಿತ್ತು ಹೊಸ ಬೋರ್ಡಿಗೆ ಹಾಕಿದ ಮಾಲು ಬರುವ ಕಾಲ.

ನನ್ನ ಅಭಿಪ್ರಾಯ, 8 ಜಿಬಿ 3200 ಒಂದು ತೆಗೆದುಕೊಳ್ಳಿ. 8 ಮತ್ತು 8 ಸೇರಿ 16, ಎರಡೂ ಚಾನೆಲ್ (ಪ್ರೊಸೆಸರ್‌ನಿಂದ ರ‍್ಯಾಮ್‌ಗೆ ಇರುವ ದಾರಿಗಳು) ಸಮನಾಗಿ ಓಡುತ್ತವೆ. ನಿಮ್ಮದರಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಒಳಗಿನ ಗ್ರಾಫಿಕ್ಸ್ ಇದೇ ರ‍್ಯಾಮ್ ಹಂಚಿಕೊಳ್ಳುತ್ತದೆ. ಅದಕ್ಕೂ ಡ್ಯುಯಲ್ ಚಾನೆಲ್ ಒಳ್ಳೆಯದು.

ಕೊಪ್ಪದ ಕಾಫಿ:

ರಿಪೇರಿ ಸರ್ ಹೇಳಿದ್ದು ಓದಿ ನಾನೂ ಕಲಿತೆ. ಆದರೆ ಕೊನೆಯ ಮಾತಿಗೆ ನನ್ನ ತಕರಾರಿದೆ.

ನಾನು ಮನೆಯಿಂದಲೇ ಪುಸ್ತಕ, ಕರಪತ್ರ ಪುಟವಿನ್ಯಾಸ ಮಾಡುತ್ತೇನೆ. ಫೋಟೋಶಾಪ್ ಹಸಿವು ನನಗೆ ಗೊತ್ತು. ಸ್ಟುಡಿಯೋ ಅಣ್ಣನ ಶೀಟ್ ಲೆಕ್ಕ ಹಾಕಿ ನೋಡಿ. 12×36 ಇಂಚು, ಇಂಚಿಗೆ 300 ಪಿಕ್ಸೆಲ್. 3600 ಗುಣಿಸು 10800, ಅಂದರೆ 3 ಕೋಟಿ 88 ಲಕ್ಷ 80 ಸಾವಿರ ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ ಮೂರು ಬೈಟ್ ಹಿಡಿದರೆ ಇಡೀ ಶೀಟ್ ತುಂಬುವ ಒಂದೇ ಲೇಯರ್‌ಗೆ ಸುಮಾರು 111 ಎಂಬಿ. ಹಿನ್ನೆಲೆ, ಹೂವಿನ ಅಂಚು, ನೆರಳು, ಫೋಟೋಗಳು ಸೇರಿ ಇಪ್ಪತ್ತು ಲೇಯರ್ ಆದರೆ 2 ಜಿಬಿ ದಾಟಬಹುದು. ಅಂಡೂ ಮಾಡಲು ಅದು ಹಿಂದಿನ ಹೆಜ್ಜೆಗಳನ್ನು ನೆನಪಿಟ್ಟುಕೊಳ್ಳುವುದು ಬೇರೆ. ಇಂಥ ಶೀಟ್ ಮೂರು ಒಟ್ಟಿಗೆ ತೆರೆದಿಟ್ಟು, ಪಕ್ಕದಲ್ಲಿ ಬ್ರೌಸರ್ ಬಿಟ್ಟರೆ 16 ಕೂಡ ತುಂಬುತ್ತದೆ. ಫೋಟೋಶಾಪ್‌ಗೆ 8 ಕನಿಷ್ಠ, 16 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಒಳ್ಳೆಯದು ಎಂದು ಅಡೋಬಿಯವರೇ ಹೇಳುತ್ತಾರೆ.

ಸ್ಲಾಟ್ ಇರುವುದು ಎರಡೇ. ಈಗ 8 ಹಾಕಿ, ಮುಂದಿನ ವರ್ಷ ಸಾಲದು ಎಂದರೆ ಆ 8ನ್ನು ಕಿತ್ತೇ ಇನ್ನೊಂದು ಹಾಕಬೇಕು. ಬೆಲೆ ಏರುತ್ತಿರುವಾಗ ಎರಡೆರಡು ಸಲ ಯಾಕೆ ಕೊಳ್ಳಬೇಕು? 16ರ ಒಂದು ಸ್ಟಿಕ್ ಹಾಕಿದರೆ ಒಟ್ಟು 24. ಇಂಟೆಲ್ ಪ್ರೊಸೆಸರ್‌ಗಳು ಅಸಮ ಜೋಡಿಯನ್ನೂ ನಡೆಸುತ್ತವೆ. ಎರಡೂ ಕಡೆಯಿಂದ 8, 8 ಸೇರಿ 16 ಜಿಬಿ ಡ್ಯುಯಲ್ ಚಾನೆಲ್‌ನಲ್ಲಿ, ಉಳಿದ 8 ಮಾತ್ರ ಸಿಂಗಲ್‌ನಲ್ಲಿ. ಡಿಸ್ಕಿಗೆ ಹೋಗಿ ಬರುವುದಕ್ಕಿಂತ ಸಿಂಗಲ್ ಚಾನೆಲ್ ರ‍್ಯಾಮ್ ಎಷ್ಟೋ ಪಾಲು ವೇಗ.

ಇನ್ನೊಂದು ಕೇಳಬೇಕು. ಅಣ್ಣಾ, ನಿಮ್ಮ ಸ್ಕ್ರ್ಯಾಚ್ ಡಿಸ್ಕ್ ಎಲ್ಲಿದೆ? ಫೋಟೋಶಾಪ್‌ಗೆ ರ‍್ಯಾಮ್ ಸಾಲದೇ ಇದ್ದಾಗ ಅದು ಡಿಸ್ಕ್ ಮೇಲೆ ಜಾಗ ಹಿಡಿಯುತ್ತದೆ. ಪ್ರಿಫರೆನ್ಸಸ್‌ನಲ್ಲಿ ಸ್ಕ್ರ್ಯಾಚ್ ಡಿಸ್ಕ್ಸ್ ಎಂಬ ಪುಟ ನೋಡಿ. ಕೆಳಗಿನ ಪಟ್ಟಿಯಲ್ಲಿ ಎಫಿಷಿಯನ್ಸಿ ಎಂಬುದನ್ನು ಆನ್ ಮಾಡಿಕೊಳ್ಳಿ. 100ಕ್ಕಿಂತ ಕೆಳಗೆ ಇಳಿದರೆ ರ‍್ಯಾಮ್ ಸಾಲದೆ ಡಿಸ್ಕಿಗೆ ಓಡುತ್ತಿದೆ ಎಂದರ್ಥ.

ಹೊಸನಗರ ಸ್ಟುಡಿಯೋ:

ಅಕ್ಕಾ, ನೋಡಿದೆ. ಸ್ಕ್ರ್ಯಾಚ್ ಡಿಸ್ಕ್ ಡಿ ಡ್ರೈವ್‌ನಲ್ಲಿದೆ, ಅಂದರೆ ಹಾರ್ಡ್ ಡಿಸ್ಕ್. ಸಿ ಡ್ರೈವ್ ತುಂಬಿದೆ ಎಂದು ಸಾಫ್ಟ್‌ವೇರ್ ಹಾಕಿಕೊಟ್ಟ ಹುಡುಗ ಅಲ್ಲಿಗೆ ಬದಲಾಯಿಸಿದ್ದಂತೆ. ಎಫಿಷಿಯನ್ಸಿ ಎರಡು ಶೀಟ್ ತೆರೆಯುವಷ್ಟರಲ್ಲಿ 60ಕ್ಕೆ ಬಂತು.

ಕೊಪ್ಪದ ಕಾಫಿ:

ಸಿಕ್ಕಿತಲ್ಲ ಕಳ್ಳ. ಎಸ್‌ಎಸ್‌ಡಿಯಲ್ಲಿ ಹಳೆ ಮದುವೆಗಳ ಫೈಲ್ ಇದ್ದರೆ ಹಾರ್ಡ್ ಡಿಸ್ಕಿಗೆ ಸಾಗಿಸಿ. ಕಡಿಮೆ ಎಂದರೂ 60–70 ಜಿಬಿ ಖಾಲಿ ಮಾಡಿ, ಸ್ಕ್ರ್ಯಾಚ್ ಡಿಸ್ಕ್ ಸಿ ಡ್ರೈವ್‌ಗೆ ತನ್ನಿ. ರ‍್ಯಾಮ್ ಬರುವ ಮೊದಲೇ ಅರ್ಧ ನೋವು ಕಡಿಮೆಯಾಗುತ್ತದೆ.

ದುರ್ಗಿಗುಡಿ ರಿಪೇರಿ:

ಮೇಡಂ ಹೇಳಿದ ಶೀಟ್ ಲೆಕ್ಕಕ್ಕೆ ನನ್ನ ಬಳಿ ಎದುರು ಮಾತಿಲ್ಲ. ನನ್ನ ಹತ್ತಿರ ಬರುವವರು ಟ್ಯಾಲಿ, ಬ್ರೌಸರ್, ಆನ್‌ಲೈನ್ ಅರ್ಜಿ ಮಾಡುವವರು. ಅವರಿಗೆ 8+8 ಧಾರಾಳ, ಅದನ್ನು ಈಗಲೂ ಹೇಳುತ್ತೇನೆ. ಆಲ್ಬಮ್ ಕೆಲಸಕ್ಕೆ 16ರ ಸ್ಟಿಕ್ ತೆಗೆದುಕೊಳ್ಳಿ. ದುಡ್ಡಿನ ಅಡಚಣೆ ಇದ್ದರೆ 8 ಹಾಕಿದರೂ ಈಗಿನದಕ್ಕಿಂತ ಎಷ್ಟೋ ಮೇಲು.

ಸಾಗರ ಡಿಗ್ರಿ ಹುಡುಗ:

ನಡುವೆ ನನ್ನದೂ ಒಂದು, ಬೇಜಾರು ಮಾಡಿಕೊಳ್ಳಬೇಡಿ. ಅಕ್ಕನ ಹಳೆ ಲ್ಯಾಪ್‌ಟಾಪ್ ನನಗೆ ಬಂದಿದೆ. ಐ3-5005ಯು, 4 ಜಿಬಿ, ಹಾರ್ಡ್ ಡಿಸ್ಕ್ ಮಾತ್ರ. ಒಬ್ಬರು ಡಿಡಿಆರ್3 8 ಜಿಬಿ ಸ್ಟಿಕ್ ಕಡಿಮೆಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ತೆಗೆದುಕೊಳ್ಳಲಾ?

ದುರ್ಗಿಗುಡಿ ರಿಪೇರಿ:

ತಮ್ಮಾ, ತಡಿ. ಅದರ ಲೇಬಲ್‌ನಲ್ಲಿ ಪಿಸಿ3 ಇದೆಯಾ, ಪಿಸಿ3ಎಲ್ ಇದೆಯಾ ನೋಡು. ಆ ಒಂದು ಅಕ್ಷರದಲ್ಲೇ ಎಲ್ಲ ಇದೆ. ಸಾದಾ ಡಿಡಿಆರ್3 ಓಡುವುದು 1.5 ವೋಲ್ಟ್‌ನಲ್ಲಿ, ಎಲ್ ಇರುವುದು 1.35ರಲ್ಲೂ ಓಡುತ್ತದೆ. 5005ಯುಗೆ ಬೇಕಾದದ್ದು ಡಿಡಿಆರ್3ಎಲ್. ಎರಡರ ಪಿನ್, ಕಚ್ಚು ಎಲ್ಲ ಒಂದೇ ಆದ್ದರಿಂದ ಸ್ಲಾಟಿನಲ್ಲಿ ಚೆನ್ನಾಗಿ ಕೂರುತ್ತದೆ, ಆನ್ ಮಾಡಿದರೆ ಪರದೆ ಕಪ್ಪು. ಜನ ಲ್ಯಾಪ್‌ಟಾಪೇ ಸತ್ತಿತು ಎಂದುಕೊಂಡು ಹೊತ್ತು ತರುತ್ತಾರೆ. ಪಿಸಿ3ಎಲ್-12800ಎಸ್ ಎಂದಿದ್ದರೆ ಮಾತ್ರ ತಗೋ. ಅದು 1600 ಸ್ಪೀಡಿನದು, ನಿನ್ನ ಪ್ರೊಸೆಸರ್‌ಗೆ ಅಷ್ಟೇ ಮಿತಿ. ಒಟ್ಟು 16 ಜಿಬಿವರೆಗೆ ಹಿಡಿಯುತ್ತದೆ.

ಆದರೆ ಕೈಯಲ್ಲಿ ಒಂದಕ್ಕೇ ದುಡ್ಡಿದ್ದರೆ ರ‍್ಯಾಮ್ ಬಿಟ್ಟು ಮೊದಲು ಎಸ್‌ಎಸ್‌ಡಿ ಹಾಕಿಸು. ಆ ಹಾರ್ಡ್ ಡಿಸ್ಕ್ ಇಟ್ಟುಕೊಂಡು 16 ಜಿಬಿ ಹಾಕಿದರೂ ಆನ್ ಆಗುವಷ್ಟರಲ್ಲಿ ಕ್ಲಾಸ್ ಶುರುವಾಗಿರುತ್ತದೆ. ವಿಂಡೋಸ್ 32 ಬಿಟ್ ಇದೆಯೇ ಅದನ್ನೂ ನೋಡು. ಇದ್ದರೆ 4 ಜಿಬಿ ಮೇಲೆ ಎಷ್ಟು ಹಾಕಿದರೂ ಅದಕ್ಕೆ ಕಾಣುವುದಿಲ್ಲ.

ಕೊಪ್ಪದ ಕಾಫಿ:

ಅದರ ಜೊತೆಗೆ, ನಿನ್ನ ಐ3-5005ಯು ಇರುವ ಇಂಟೆಲ್ ಐದನೇ ಪೀಳಿಗೆಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಓದು, ಟೈಪಿಂಗ್, ವಿಡಿಯೋ ಅಷ್ಟೇ ಆದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ ನೋಡಪ್ಪ. ಕನ್ನಡ ಟೈಪಿಂಗ್ ಕೂಡ ಸರಿಯಾಗಿ ಆಗುತ್ತದೆ. ಸ್ಟುಡಿಯೋ ಅಣ್ಣನ 8250ಯುಗೆ ಈ ತೊಂದರೆ ಇಲ್ಲ, ಅದು ವಿಂಡೋಸ್ 11ರ ಪಟ್ಟಿಯಲ್ಲಿದೆ.

ಅಡಿಕೆ ದೋಟಿ:

ನಾನು ತಮ್ಮನ ಲ್ಯಾಪ್‌ಟಾಪ್ ಬಿಚ್ಚಿ ಲೇಬಲ್ ನೋಡಿ ಬಂದೆ. 1ಆರ್‌ಎಕ್ಸ್16 ಇದೆ ಮಾರಾಯ್ರೆ. ಅವನಿಗೆ ಹೇಳಲಿಲ್ಲ. ಅವನು ಕ್ರಿಕೆಟ್ ನೋಡುವುದಕ್ಕೆ ಸಾಕು.

ಹೊಸನಗರ ಸ್ಟುಡಿಯೋ:

16 ಜಿಬಿ 3200 ತರಿಸಿದೆ. ಶಿವಮೊಗ್ಗದಲ್ಲಿ ಪರಿಚಯದವರು ಬಿಲ್ ಸಮೇತ ಬಸ್ಸಿಗೆ ಕೊಟ್ಟರು, ಕಂಡಕ್ಟರ್ ಹೊಸನಗರ ಸ್ಟ್ಯಾಂಡಿನಲ್ಲಿ ಕೈಗಿತ್ತರು. ಬಿಚ್ಚುವ ಮೊದಲು ಲೇಬಲ್ ನೋಡಿದೆ. ಪಿಸಿ4-3200ಎಎ, 1.2 ವೋಲ್ಟ್. ಓರೆಯಾಗಿ ತೂರಿಸಿ, ಚಿನ್ನದ ಅಂಚು ಒಳಗೆ ಹೋದ ಮೇಲೆ ಕೆಳಕ್ಕೆ ಒತ್ತಿದೆ. ಎರಡೂ ಬದಿಯ ಕ್ಲಿಪ್ ಟಕ್ ಎಂದಿತು.

ಆನ್ ಮಾಡಿದರೆ ಪರದೆ ಕಪ್ಪು. ಕೀಬೋರ್ಡ್ ಲೈಟ್ ಇದೆ, ಫ್ಯಾನ್ ತಿರುಗುತ್ತಿದೆ, ಚಿತ್ರ ಇಲ್ಲ. ಆಫ್ ಮಾಡಲು ಬೆರಳು ಬಟನ್ ಮೇಲೆ ಇಟ್ಟಿದ್ದೆ, ಅಷ್ಟರಲ್ಲಿ ತಾನೇ ಬಂತು. ಇದು ಯಾಕೆ ಹೀಗೆ?

ಈಗ 24 ಜಿಬಿ ತೋರಿಸುತ್ತಿದೆ, ಸ್ಪೀಡ್ 2400. ಮೆಮ್‌ಟೆಸ್ಟ್ ಎರಡೂ ಸ್ಟಿಕ್ ಇಟ್ಟು ಓಡಿಸಿದೆ, ಎರರ್ ಇಲ್ಲ. ಸ್ಕ್ರ್ಯಾಚ್ ಡಿಸ್ಕ್ ಸಿ ಡ್ರೈವ್‌ಗೆ ತಂದೆ. ನಾಲ್ಕು ಶೀಟ್ ತೆರೆದರೂ ಎಫಿಷಿಯನ್ಸಿ 100 ಬಿಟ್ಟು ಇಳಿಯಲಿಲ್ಲ. ಸೇವ್ ಮಾತ್ರ ಇನ್ನೂ ನಾನು ಅಂದುಕೊಂಡಷ್ಟು ಬೇಗ ಆಗುತ್ತಿಲ್ಲ.

ದುರ್ಗಿಗುಡಿ ರಿಪೇರಿ:

ಹೊಸ ರ‍್ಯಾಮ್ ಕಂಡಾಗ ಲ್ಯಾಪ್‌ಟಾಪ್ ಅದರ ಟೈಮಿಂಗ್ ಒಮ್ಮೆ ಪರೀಕ್ಷೆ ಮಾಡಿ ಹೊಂದಿಸಿಕೊಳ್ಳುತ್ತದೆ. ಮೊದಲ ಸಲ ಮಾತ್ರ ತಡ. ಆ ಹೊತ್ತಿನಲ್ಲಿ ಆಫ್ ಮಾಡದೇ ಇದ್ದದ್ದು ಒಳ್ಳೆಯದಾಯಿತು.

ಸೇವ್ ನಿಧಾನ ಎಂದರೆ ಫೈಲ್ ಇನ್ನೂ ಹಾರ್ಡ್ ಡಿಸ್ಕಿಗೇ ಹೋಗುತ್ತಿರಬೇಕು. ನಡೆಯುತ್ತಿರುವ ಆಲ್ಬಮ್ ಎಸ್‌ಎಸ್‌ಡಿಯಲ್ಲಿ ಇಟ್ಟುಕೊಳ್ಳಿ, ಲ್ಯಾಬಿಗೆ ಕಳಿಸಿದ ಮೇಲೆ ಹಾರ್ಡ್ ಡಿಸ್ಕಿಗೆ ಹಾಕಿ. ದೊಡ್ಡ ಪಿಎಸ್‌ಡಿ ಫೈಲನ್ನು ಕುಗ್ಗಿಸಿ ಬರೆಯುವುದಕ್ಕೂ ಹೊತ್ತು ಹಿಡಿಯುತ್ತದೆ. ಅದು ಪ್ರೊಸೆಸರ್ ಕೆಲಸ, ರ‍್ಯಾಮ್ ಹಾಕಿ ಅದನ್ನು ಓಡಿಸಲು ಆಗುವುದಿಲ್ಲ.

ಕೊಪ್ಪದ ಕಾಫಿ:

ಪ್ರಿಫರೆನ್ಸಸ್‌ನಲ್ಲಿ ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ, ಫೋಟೋಶಾಪ್‌ಗೆ ಎಷ್ಟು ರ‍್ಯಾಮ್ ಎಂಬುದನ್ನೂ ನೋಡಿಕೊಳ್ಳಿ ಅಣ್ಣ. 70 ಪರ್ಸೆಂಟಿನ ಸುತ್ತ ಇದ್ದರೆ ಹಾಗೇ ಬಿಡಿ. 100ಕ್ಕೆ ಎಳೆದರೆ ವಿಂಡೋಸ್‌ಗೆ ಉಸಿರು ಕಟ್ಟುತ್ತದೆ.

ಸಾಗರ ಡಿಗ್ರಿ ಹುಡುಗ:

ಸರ್, ಅವರು ಕೊಡುತ್ತೇನೆ ಎಂದ ಸ್ಟಿಕ್‌ನಲ್ಲಿ ಎಲ್ ಇಲ್ಲ. ಬೇಡ ಎಂದೆ. ನನ್ನ ಲ್ಯಾಪ್‌ಟಾಪ್ ಒಳಗಿನದರಲ್ಲಿ ಪಿಸಿ3ಎಲ್ ಎಂದೇ ಇದೆ. ಸ್ಲಾಟ್ ಒಂದೇ ಇದೆ. ಎಸ್‌ಎಸ್‌ಡಿ ಹಾಕಿಸಲು ನಿಮ್ಮ ಅಂಗಡಿಗೆ ಭಾನುವಾರ ಬರಬಹುದಾ?

ದುರ್ಗಿಗುಡಿ ರಿಪೇರಿ:

ಭಾನುವಾರ ರಜೆ. ಸೋಮವಾರ ಕಾಲೇಜು ಮುಗಿಸಿ ಬಾ. ಸ್ಲಾಟ್ ಒಂದೇ ಇದ್ದರೆ 4 ತೆಗೆದು 8 ಹಾಕುವುದು, ಬೇರೆ ದಾರಿ ಇಲ್ಲ. ಬಿಚ್ಚಿದ 4 ಜಿಬಿ ಎಲ್ ಸ್ಟಿಕ್ ಕೇಳುವವರು ಇದ್ದಾರೆ, ಅದನ್ನು ಕಳೆದು ಉಳಿದದ್ದು ಕೊಟ್ಟರೆ ಸಾಕು. ಬರುವಾಗ ಚಾರ್ಜರ್ ತರುವುದು ಮರೆಯಬೇಡ. ನಿನ್ನ ಫೋಟೋ, ನೋಟ್ಸ್ ಎಲ್ಲ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಂಡು ಬಾ.